ಇಳಿಯಲು ಆಗುಂಬೆ, ಏರಲು ಹುಲಿಕಲ್

ಪುರವಣಿ ಡೆಸ್ಕಿನಿಂದ ಫೋನು ಬಂದದ್ದು ನವೆಂಬರಿನಲ್ಲಿ. "ನಿಮ್ಮ ಕಡೆ ಸೈಕಲ್ ಹೊಡೆಯೋಕೆ ಒಳ್ಳೆ ಘಾಟಿ ರೂಟ್ ಇದ್ರೆ ಬರೆದು ಕಳ್ಸಿ. ನಾನೂರು ಪದ ಸಾಕು, ಫೋಟೋ ಚೆನ್ನಾಗಿರ್ಲಿ." ಕಳಿಸಿದೆ. ಅಚ್ಚಾಗುವಾಗ ಇನ್ನೂರೈವತ್ತು ಪದವಾಗಿತ್ತು, ಫೋಟೋ ಮೂರು ಕಾಲಂ ಇತ್ತು. ಬೇಜಾರೇನಿಲ್ಲ. ಜಾಹೀರಾತು ಬಂದರೆ ಮೊದಲು ಕತ್ತರಿ ಬೀಳುವುದು ಜಿಲ್ಲೆಯವರ ಕಾಪಿಗೆ. ಇದನ್ನು ಡಿಪ್ಲೊಮಾದಲ್ಲಿ ಕಲಿಸಲಿಲ್ಲ, ಕೆಲಸಕ್ಕೆ ಸೇರಿದ ಮೂರನೇ ವಾರ ಕಲಿತೆ. ಆದರೆ ಅದನ್ನು ಓದಿ ಬೆಂಗಳೂರಿನ ಇಬ್ಬರು ಫೋನು ಮಾಡಿ, "ಸರ್, ಆಗುಂಬೆ ಹತ್ತೋದಾ, ಇಳಿಯೋದಾ?" ಎಂದು ಕೇಳಿದರು. ಕತ್ತರಿಸಿ ಹಾಕಿದ ನೂರೈವತ್ತು ಪದಗಳಲ್ಲಿ ಇದ್ದದ್ದು ಅದೇ. ಹಾಗಾಗಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇಲ್ಲಿ ಕಾಲಂ ಸೆಂಟಿಮೀಟರಿನ ಲೆಕ್ಕ ಇಲ್ಲವಲ್ಲ.

ನಾನು ಸೈಕಲ್ ಹತ್ತಿದ್ದು ಶೋಕಿಗಲ್ಲ. ಎರಡು ವರ್ಷದ ಹಿಂದೆ ಆರೋಗ್ಯ ಶಿಬಿರದ ಸುದ್ದಿಗೆ ಹೋದವನು ಸುಮ್ಮನಿರದೆ ಬೆರಳು ಕೊಟ್ಟೆ. ಸಕ್ಕರೆ ಗಡಿಯಲ್ಲಿದೆ ಎಂದರು. ಮೂವತ್ತನಾಲ್ಕನೇ ವಯಸ್ಸಿಗೆ! ಬೈಕಿನ ಮೇಲೆ ಓಡಾಟ, ಪ್ರೆಸ್‌ಮೀಟಿನ ಬೋಂಡಾ, ದಿನಕ್ಕೆ ಆರು ಚಹಾ, ನಮ್ಮ ವೃತ್ತಿಯ ಆಸ್ತಿ ಇಷ್ಟೇ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಒಂಬತ್ತು ಸಾವಿರಕ್ಕೆ ಗೇರ್ ಸೈಕಲ್ ತಗೊಂಡೆ. "ಪೆಟ್ರೋಲ್ ಹಾಕ್ಸೋಕೆ ಅಳ್ತೀರಿ, ಇದು ಬೇರೆ ಬೇಕಿತ್ತಾ?" ಎಂದಳು ಮನೆಯವಳು. ಬೇಕಿತ್ತು ಎಂದು ಗೊತ್ತಾಗಲು ಅವಳಿಗೆ ಆರು ತಿಂಗಳು ಹಿಡಿಯಿತು, ನನಗೆ ಒಂದು ವಾರ.

ನಮ್ಮಂಥ ಸ್ಟ್ರಿಂಗರುಗಳಿಗೆ ಘಾಟಿ ಸುದ್ದಿಯಾಗುವುದು ಅದು ಮುಚ್ಚಿದಾಗ ಮಾತ್ರ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ, 2021ರ ಜುಲೈನಲ್ಲಿ ಯಲ್ಲಾಪುರದಾಚೆಯ ಅರಬೈಲು. ಬೇರೆ ಬೇರೆ ಜಿಲ್ಲೆಯ ಗೆಳೆಯರು ಬರೆದರು, ಪದಗಳು ಮಾತ್ರ ಎಲ್ಲರವೂ ಒಂದೇ: ಗುಡ್ಡ ಕುಸಿತ, ಸಂಚಾರ ಸ್ಥಗಿತ, ಬದಲಿ ಮಾರ್ಗ. ಈ 'ಬದಲಿ ಮಾರ್ಗ' ಎನ್ನುವುದಿದೆಯಲ್ಲ, ಬರೆಯುವವನಿಗೆ ಎರಡು ಪದ. ಘಟ್ಟದ ಮೇಲಿನವರಿಗೆ ಅದು ರಾತ್ರಿ ಎರಡು ಗಂಟೆಯಲ್ಲಿ ಇನ್ನೊಂದು ಘಾಟಿ ಸುತ್ತಿ ಆಸ್ಪತ್ರೆಗೆ ಹೋಗುವ ಹಾದಿ.

ಇನ್ನು ರೂಟಿಗೆ ಬರೋಣ. ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ ಸೋಮೇಶ್ವರಕ್ಕೆ ಇಳಿದು ಹೆಬ್ರಿ. ಹೆಬ್ರಿಯಿಂದ ಉಡುಪಿ ಕಡೆ ಹೋಗದೆ ಬಲಕ್ಕೆ ಒಳದಾರಿ ಹಿಡಿದು ಗೋಳಿಯಂಗಡಿ, ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ. ಇದು ಕುಂದಾಪುರ ಸೀಮೆಯ ಸಿದ್ದಾಪುರ, ಉತ್ತರ ಕನ್ನಡದ್ದಲ್ಲ. ಅಲ್ಲಿಂದ ಹೊಸಂಗಡಿಗೆ ಹೋಗಿ ಬಾಳೆಬರೆ ಘಾಟಿ ಹತ್ತಿದರೆ ಹುಲಿಕಲ್. ಮುಂದೆ ಮಾಸ್ತಿಕಟ್ಟೆ, ಯಡೂರು, ಮತ್ತೆ ತೀರ್ಥಹಳ್ಳಿ. ಯಾವ ಒಳದಾರಿ ಹಿಡಿಯುತ್ತೀರಿ ಎಂಬುದರ ಮೇಲೆ ಒಟ್ಟು 150ರಿಂದ 170 ಕಿ.ಮೀ. ಒಂದೇ ದಿನದಲ್ಲಿ ಮುಗಿಸುವ ಗಟ್ಟಿಗರಿದ್ದಾರೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಹೊಡೆಯುವ ಬ್ರೆವೆ ಸವಾರರಿಗೆ ಇದು ದೊಡ್ಡದಲ್ಲ. ನನಗೆ ಎರಡು ದಿನ ಬೇಕು. ಓದುವ ನಿಮಗೂ ಎರಡು ದಿನವನ್ನೇ ಹೇಳುತ್ತೇನೆ, ಯಾಕೆಂದರೆ ಬೇಗ ಮುಗಿಸಿದರೆ ಮುಂದೆ ಹೇಳುವುದು ಯಾವುದೂ ಕಾಣುವುದಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆವರೆಗಿನ ಮೂವತ್ತು ಚಿಲ್ಲರೆ ಕಿ.ಮೀ. ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಏರು, ಸಣ್ಣ ಇಳಿವು, ಅಡಿಕೆ ತೋಟ, ಗದ್ದೆ. ಆಗುಂಬೆಯ ಬಗ್ಗೆಯೂ ಹೇಳುವುದಿಲ್ಲ. ಮಾಲ್ಗುಡಿಯ ದೊಡ್ಡಮನೆ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಕಾಳಿಂಗ ಸರ್ಪ, ಸೂರ್ಯಾಸ್ತ ಎಲ್ಲವನ್ನೂ ನೀವು ಹತ್ತು ಸಲ ಓದಿದ್ದೀರಿ, ನಾನೇ ನಾಲ್ಕು ಸಲ ಬರೆದಿದ್ದೇನೆ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಸೂರ್ಯಾಸ್ತದ ಕಟ್ಟೆ ದಾಟಿದ ಕೂಡಲೇ ನೆಲ ಬಿಟ್ಟಂತೆ ರಸ್ತೆ ಇಳಿಯುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು. ತಿರುವು ಎಷ್ಟು ಕಿರಿದೆಂದರೆ ಇಲ್ಲಿ ದೊಡ್ಡ ಬಸ್ಸು ಓಡುವುದಿಲ್ಲ, ಮಿನಿ ಬಸ್ಸೇ ಗತಿ. ಭಾರಿ ವಾಹನಕ್ಕೆ ನಿರ್ಬಂಧ.

ಇದು ರಾಷ್ಟ್ರೀಯ ಹೆದ್ದಾರಿ 169ಎ. ಹೆಸರು ದೊಡ್ಡದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದಕ್ಕೆ ಇನ್ನೊಂದು ಹೆಸರಿದೆ, ಮಣಿಪಾಲದ ದಾರಿ. ನಮ್ಮ ಸೀಮೆಯಲ್ಲಿ "ಮಣಿಪಾಲಕ್ಕೆ ಕರ್ಕೊಂಡು ಹೋದ್ರಂತೆ" ಎಂದರೆ ಕೇಳಿದವರು ಮುಂದೆ ಮಾತು ಬೆಳೆಸುವುದಿಲ್ಲ. ನಮ್ಮಪ್ಪನನ್ನು ಹಾಗೆ ಕರೆದೊಯ್ದದ್ದು ಒಂದು ಜುಲೈ ರಾತ್ರಿ. ಹದಿನಾಲ್ಕು ತಿರುವುಗಳನ್ನು ಒಂದೊಂದಾಗಿ ಎಣಿಸಿದ್ದು ನಾನು ಅವತ್ತೇ ಮೊದಲು. ಅಪ್ಪ ಸ್ಟೆಂಟ್ ಹಾಕಿಸಿಕೊಂಡು ವಾಪಸು ಬಂದರು, ಈಗಲೂ ತೋಟಕ್ಕೆ ಹೋಗುತ್ತಾರೆ.

ಈ ಸಲ ಸೈಕಲಿನಲ್ಲಿ ಐದೋ ಆರೋ ತಿರುವು ಇಳಿದಿದ್ದೆ. ಮೇಲಿನಿಂದ ಸೈರನ್ ಕೇಳಿತು. ಘಾಟಿಯಲ್ಲಿ ಸೈರನ್ ಮೋಸ ಮಾಡುತ್ತದೆ, ಗುಡ್ಡಕ್ಕೆ ಬಡಿದು ಬರುವುದರಿಂದ ಮೇಲೋ ಕೆಳಗೋ ಗೊತ್ತಾಗುವುದಿಲ್ಲ. ಇಳಿದು ಸೈಕಲನ್ನು ಚರಂಡಿಗೆ ಎತ್ತಿಟ್ಟು ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತೆ. ಆಂಬುಲೆನ್ಸ್ ನನ್ನನ್ನು ದಾಟಿತು, ಮುಂದಿನ ತಿರುವಿನಲ್ಲಿ ನಿಂತಿತು. ಅಲ್ಲಿ ಕಾರೊಂದನ್ನು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಹಾಕುತ್ತಿದ್ದರು. ಎದುರಿಗೆ ಮಿನಿ ಬಸ್ಸು. ಕಾರಿನವರು ಮಕ್ಕಳನ್ನು ಹತ್ತಿಸಿಕೊಂಡು, ರಿವರ್ಸ್ ತೆಗೆದು, ಬಸ್ಸು ಹಿಂದೆ ಸರಿದು ದಾರಿಯಾಗುವ ಹೊತ್ತಿಗೆ ಎರಡು ನಿಮಿಷ ಹೋಯಿತು. ಹಿಂಬದಿಯ ಗಾಜಿನಲ್ಲಿ ಒಬ್ಬ ಹೆಂಗಸು ಗ್ಲೂಕೋಸ್ ಬಾಟಲಿ ಹಿಡಿದು ನಿಂತಿದ್ದು ಕಾಣುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಹಾಗಾಗಿ ಬೆಂಗಳೂರಿನವರ ಪ್ರಶ್ನೆಗೆ ನನ್ನ ಉತ್ತರ ಇದು: ಆಗುಂಬೆ ಇಳಿಯಿರಿ, ಹತ್ತಬೇಡಿ. ಇಳಿಯುವಾಗ ಸೈಕಲಿನ ವೇಗವೂ ವಾಹನದ ವೇಗವೂ ಹೆಚ್ಚು ಕಡಿಮೆ ಒಂದೇ, ನೀವು ಯಾರನ್ನೂ ತಡೆಯುವುದಿಲ್ಲ. ಹತ್ತುವಾಗ ಗಂಟೆಗೆ ಆರು ಕಿ.ಮೀ. ವೇಗದಲ್ಲಿ ಒಂದೂವರೆ ಗಂಟೆ ಆ ಕಿರಿದಾದ ರಸ್ತೆಯಲ್ಲಿ ಇರುತ್ತೀರಿ. ನಿಮ್ಮ ಹಿಂದೆ ಸಾಲು ನಿಲ್ಲುತ್ತದೆ. ಆ ಸಾಲಿನ ಕೊನೆಯಲ್ಲಿ ಏನಿದೆ ಎಂದು ನಿಮಗೆ ಕಾಣುವುದಿಲ್ಲ. ಹತ್ತಿದೆ ಎಂಬ ಹೆಮ್ಮೆಗೆ ಬೇರೆ ಘಾಟಿ ಇದೆ, ಹೇಳುತ್ತೇನೆ.

ಇಳಿಯುವುದು ಸುಲಭ ಎಂದೇನೂ ಅಲ್ಲ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ, ರಿಮ್ ಬ್ರೇಕಿನ ಸೈಕಲಾದರೆ ರಿಮ್ಮೇ ಕಾದು ಟ್ಯೂಬ್ ಒಡೆಯಬಹುದು. ನೇರ ಇರುವಲ್ಲಿ ಒತ್ತಿ ಬಿಡುವುದು, ತಿರುವಿಗೆ ಮುಂಚೆಯೇ ವೇಗ ಇಳಿಸುವುದು, ತಿರುವಿನೊಳಗೆ ಬ್ರೇಕ್ ಮುಟ್ಟದಿರುವುದು. ಪೃಷ್ಠವನ್ನು ಸೀಟಿನ ಹಿಂಭಾಗಕ್ಕೆ ತಳ್ಳಿ ಕೂರುವುದು. ನೆರಳಿರುವ ತಿರುವುಗಳಲ್ಲಿ ಡಿಸೆಂಬರಿನಲ್ಲೂ ಪಾಚಿ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಈ ಕಡೆ ಸೈಕಲ್ ತರಬೇಡಿ. ಮಂಜಿನಲ್ಲಿ ಹತ್ತು ಮಾರು ದೂರ ಕಾಣದ ದಿನಗಳಲ್ಲಿ ನೀವು ಸಾಹಸ ಮಾಡಿದರೆ ಅದರ ಸುದ್ದಿ ಬರೆಯಬೇಕಾದವನು ನಾನು.

ಸೋಮೇಶ್ವರ ಬಂದರೆ ಗಾಳಿಯೇ ಬೇರೆ. ಸೀತಾನದಿಯ ಪಕ್ಕ ಕಾಡಿನ ನೆರಳಿನಲ್ಲಿ ಹೆಬ್ರಿವರೆಗೆ ಆರಾಮ. ಅಲ್ಲಿ ಬನ್ಸ್ ತಿಂದು ಒಳದಾರಿ ಹಿಡಿದೆ. ಘಟ್ಟದ ಕೆಳಗೆ ಎಂದರೆ ಸಪಾಟು ನೆಲ ಎಂದು ನಕ್ಷೆ ನೋಡುವವರು ಅಂದುಕೊಳ್ಳುತ್ತಾರೆ. ಇಲ್ಲಿನ ಮುರಕಲ್ಲಿನ ದಿಬ್ಬಗಳು ಕಾಲನ್ನು ಘಾಟಿಗಿಂತ ಜಾಸ್ತಿ ಗೋಳು ಹೊಯ್ದುಕೊಳ್ಳುತ್ತವೆ. ಇನ್ನೂರು ಮೀಟರ್ ಕಡಿದಾದ ಏರು, ಇನ್ನೂರು ಮೀಟರ್ ಇಳಿವು, ಕೆಳಗೊಂದು ಹೊಳೆ, ಮತ್ತೆ ಏರು. ರಾತ್ರಿ ಶಂಕರನಾರಾಯಣದ ಹತ್ತಿರ ನಮ್ಮ ಬ್ಯಾಚಿನವನೇ ಒಬ್ಬನ ಮನೆಯಲ್ಲಿ ಉಳಿದೆ. ಅವನು ವರದಿಗಾರಿಕೆ ಬಿಟ್ಟು ಅಡಿಕೆ ಸಸಿ ನರ್ಸರಿ ಇಟ್ಟಿದ್ದಾನೆ. ನಮ್ಮೆಲ್ಲರಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಬೆಳಿಗ್ಗೆ ಆರೂವರೆಗೆ ಹೊಸಂಗಡಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಎಂ-80 ನಿಲ್ಲಿಸಿ ಮೀನಿನವರೊಬ್ಬರು ಬಂದರು. ಹಿಂದೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ದಿನಾ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರದ ಕಡೆ ಮಾರಿ ಮಧ್ಯಾಹ್ನ ಇಳಿಯುತ್ತಾರೆ. ನನ್ನ ಸೈಕಲ್ ನೋಡಿ, "ಹ್ವಾಯ್, ಇದ್ರಂಗೆ ಘಾಟಿ ಹತ್ತೂಕ್ ಹೊರ್ಟ್ರ್ಯಾ? ಮರ್ಲಾ ಮಾರಾಯ್ರೆ ನಿಮ್ಗೆ?" ಎಂದರು. ನಕ್ಕೆ. ಅವರೂ ನಕ್ಕು, ಮೇಲೆ ಯಾವ ತಿರ್ಗಾಸಿನಲ್ಲಿ ಕುಡಿಯುವ ನೀರು ಬೀಳುತ್ತದೆ, ಎಲ್ಲಿ ಲಾರಿ ಒಳಗೆ ಒತ್ತಿಕೊಂಡು ಬರುತ್ತದೆ, ಎಲ್ಲಿ ನಿಲ್ಲಬಹುದು ಎಂದು ಬೆರಳು ಮಡಿಸಿ ಹೇಳಿದರು. ಆಮೇಲೆ ಸೈಕಲ್ ಆ್ಯಪ್ ತೆರೆದು ನೋಡಿದೆ. ಇದರಲ್ಲಿ ಒಂದೂ ಅದರಲ್ಲಿರಲಿಲ್ಲ.

ಗೇರಿನ ಲೆಕ್ಕವೊಂದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಘಾಟಿ ಹತ್ತುವುದು ಕಾಲಿನ ಬಲದಿಂದ ಎಂದುಕೊಂಡವರೇ ಹೆಚ್ಚು. ಮುಂದಿನ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೂ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಅಷ್ಟೇ ಬೇಕಾದದ್ದು. ನಮ್ಮ ಹಳೇ ಕಪ್ಪು ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ಹೋಗಬೇಕು. ಏರಿನಲ್ಲಿ ಯಾರ ಮೊಣಕಾಲೂ ತಡೆಯುವುದಿಲ್ಲ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟದ್ದೂ ಗೇರಿಲ್ಲದ ಸೈಕಲ್ಲನ್ನೇ. ಬಯಲುಸೀಮೆಯಲ್ಲಿ ಅದು ಶಾಲೆಗೆ ಒಯ್ದಿತು. ಮಲೆನಾಡಿನ ಹುಡುಗಿಯರು ಹೋಗುವಾಗ ಅರ್ಧ ದಾರಿ ಅದನ್ನು ತಳ್ಳಿದರು, ಬರುವಾಗ ಅದರ ಮೇಲೆ ಕೂತು ಜಾರಿದರು. ಒಂದೇ ಯೋಜನೆ, ಎರಡು ನೆಲ. ಇದನ್ನೂ ಒಮ್ಮೆ ಬರೆಯಬೇಕು.

ಬಾಳೆಬರೆ ಘಾಟಿಯ ಏರು ಆಗುಂಬೆಯ ಹಾಗೆ ಒಮ್ಮೆಲೇ ಕತ್ತಿಗೆ ಬರುವುದಿಲ್ಲ. ಸಮಾಧಾನದಲ್ಲಿ ಶುರುವಾಗಿ ಸಮಾಧಾನದಲ್ಲೇ ಹಿಂಡುತ್ತದೆ. ಗುಡ್ಡದ ರಸ್ತೆ ಕಟ್ಟುವ ಇಂಜಿನಿಯರುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರ ಇದೆ. ನೂರು ಮೀಟರಿಗೆ ಐದಾರು ಮೀಟರ್ ಏರು ಸಾಮಾನ್ಯ, ಬೇರೆ ದಾರಿಯೇ ಇಲ್ಲದ ಕಡೆ ಏಳೆಂಟು. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ನಲವತ್ತಕ್ಕೆ ಒಂದಕ್ಕಿಂತ ಹೆಚ್ಚು ಏರು ಇರಬಾರದು. ಅಂದರೆ ತಿರುವು ನೋಡಿ ಹೆದರಬೇಕಿಲ್ಲ, ಅದು ಉಸಿರು ತೆಗೆದುಕೊಳ್ಳುವ ಜಾಗ. ಹಳೇ ಘಾಟಿಗಳಲ್ಲಿ ತಿರುವಿನ ಒಳಅಂಚು ಗೋಡೆಯಂತೆ ಇರುತ್ತದೆ, ಹೊರಅಂಚಿನಲ್ಲಿ ಈ ಸೂತ್ರ ನಿಜವಾಗುತ್ತದೆ. ಹಿಂದೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಅಂಚು ಹಿಡಿಯಿರಿ.

ಲೇಹ್ ಕಡೆ ಹೋಗಿ ಬಂದ ಸವಾರರು ನಮ್ಮ ಘಾಟಿಗಳನ್ನು ಕೇಳಿ ನಗಬಹುದು. ಖರ್ದುಂಗ್ ಲಾ 5,359 ಮೀಟರ್, ನಮ್ಮದು ಅದರ ಎಂಟನೇ ಒಂದು ಪಾಲು. ಅಲ್ಲಿ ಉಸಿರು ಸಾಲದು. ಇಲ್ಲಿ ಬೆವರು ಆರದು. ಹೊಸಂಗಡಿಯ ಕಡೆಯಿಂದ ಹೊರಟ ಅರ್ಧ ಗಂಟೆಗೆ ಅಂಗಿ ಹಿಂಡಿದರೆ ಲೋಟ ತುಂಬುತ್ತದೆ. ಗಾಳಿಯಲ್ಲೇ ಅಷ್ಟು ನೀರಿರುವಾಗ ಮೈಯ ನೀರನ್ನು ಅದು ತೆಗೆದುಕೊಳ್ಳುವುದಿಲ್ಲ, ಮೈ ತಣಿಯುವುದಿಲ್ಲ. ಬರೀ ನೀರು ಕುಡಿದರೆ ಸಾಲದು, ಉಪ್ಪು ಬೇಕು. ನಾನು ಉಪ್ಪು ಹಾಕಿದ ಮಜ್ಜಿಗೆಯ ಬಾಟಲಿ ಒಯ್ಯುತ್ತೇನೆ, ಜೊತೆಗೆ ಬಾಳೆಹಣ್ಣು.

ಇಲ್ಲಿ ಲಾರಿಗಳಿವೆ. ಆಗುಂಬೆಯಲ್ಲಿ ಬಿಡದ ಭಾರಿ ಗಾಡಿಗಳು ಇತ್ತ ಬರುತ್ತವೆ. ಹಾಗಿದ್ದೂ ಏರಲು ಇದನ್ನೇ ಯಾಕೆ ಹೇಳುತ್ತೀಯ ಎಂದು ಬ್ಯಾಚಿನವನೂ ಕೇಳಿದ. ತುಂಬಿದ ಲಾರಿ ಘಾಟಿ ಏರುವುದು ಹೆಚ್ಚು ಕಡಿಮೆ ನನ್ನ ವೇಗದಲ್ಲೇ. ಅದು ಎಲ್ಲಿ ಅಗಲ ತೆಗೆದುಕೊಳ್ಳುತ್ತದೆ, ಎಲ್ಲಿ ಹಾರನ್ ಹಾಕುತ್ತದೆ ಎಂದು ಎರಡು ತಿರುವಿನಲ್ಲಿ ಕಲಿಯಬಹುದು. ಇಳಿಯುವ ಗಾಡಿ ನಿಂತು ಏರುವ ಗಾಡಿಗೆ ದಾರಿ ಬಿಡಬೇಕೆಂಬ ನಿಯಮ ಪುಸ್ತಕದಲ್ಲಿದೆ. ಅದನ್ನು ಸೈಕಲ್ಲಿಗೂ ಪಾಲಿಸಿದವರನ್ನು ನಾನು ಕಂಡದ್ದು ಲಾರಿ ಡ್ರೈವರುಗಳಲ್ಲಿ ಮಾತ್ರ. ಒಬ್ಬ ಇಳಿಯುವ ಲಾರಿ ನಿಲ್ಲಿಸಿ, ಕೈ ಬೀಸಿ ನನ್ನನ್ನು ಮುಂದೆ ಬಿಟ್ಟ. ಭಾನುವಾರದ ಕಾರುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹೋಗುವುದಾದರೆ ವಾರದ ದಿನ ಹೋಗಿ.

ಈ ಏರಿನಲ್ಲಿ ಕೆಳಗೆ ವಾರಾಹಿ ಕಣಿವೆ. ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಲ್ಲಿಸಿದ ನೀರು ಗುಡ್ಡದೊಳಗಿಂದ ಬಿದ್ದು, ನೆಲದಡಿಯ ವಿದ್ಯುದಾಗಾರದಲ್ಲಿ 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು 460 ಮೆಗಾವ್ಯಾಟ್. ಬೈಕಿನಲ್ಲಿ ಹತ್ತಾರು ಸಲ ಹೋಗಿದ್ದೇನೆ, ಈ ಸಂಖ್ಯೆಯನ್ನು ಸುದ್ದಿಯಲ್ಲಿ ಬರೆದೂ ಇದ್ದೇನೆ. ಆದರೆ ನೀರು ಬೀಳುವ ಆ ಅರ್ಧ ಕಿಲೋಮೀಟರ್ ಆಸುಪಾಸಿನ ಎತ್ತರವನ್ನು ಎರಡು ಮೀಟರ್ ಎರಡು ಮೀಟರಾಗಿ ತುಳಿದು ಮುಗಿಸಿದ ಮೇಲೆ ಸಂಖ್ಯೆಗೆ ತೂಕ ಬಂತು.

ಘಾಟಿ ಹತ್ತುವ ಸೈಕಲ್ಲಿಗೆ ಇನ್ನೊಂದು ಗುಣವಿದೆ. ಚರಂಡಿ ಕಾಣುತ್ತದೆ. ನಗಬೇಡಿ. ಗುಡ್ಡದ ಬದಿಯ ಚರಂಡಿಯಲ್ಲಿ ಹರಿದ ನೀರು ಅಲ್ಲಲ್ಲಿ ಮೋರಿಯಡಿ ರಸ್ತೆ ದಾಟಿ ಕಣಿವೆಗೆ ಹೋಗಬೇಕು. ಮೋರಿಯ ಬಾಯಿಗೆ ಮಣ್ಣು, ಕೊಂಬೆ, ಚಿಪ್ಸಿನ ಪ್ಯಾಕೆಟ್ಟು ಕೂತರೆ ನೀರು ಅಲ್ಲೇ ನಿಂತು ಗುಡ್ಡದ ಬುಡಕ್ಕೆ, ರಸ್ತೆಯ ತಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಜುಲೈ ರಾತ್ರಿ ನಮ್ಮ ಆ ಮೂರು ಪದಗಳು. ಮಳೆ ಜಾಸ್ತಿಯಾದದ್ದು, ಗುಡ್ಡವನ್ನು ನೆಟ್ಟಗೆ ಕಡಿದದ್ದು, ಮರ ಹೋದದ್ದು ಎಲ್ಲವೂ ಸರಿ, ಅದಕ್ಕೆಲ್ಲ ತಜ್ಞರಿದ್ದಾರೆ. ಮೋರಿಯ ಬಾಯಿ ನೋಡಲು ತಜ್ಞರು ಬೇಕಿಲ್ಲ, ನಿಧಾನ ಬೇಕು. ನಲವತ್ತರ ವೇಗದ ಬೈಕಿನಲ್ಲಿ ಅದು ಒಂದು ಕಪ್ಪು ಚುಕ್ಕೆ. ಆರರ ವೇಗದಲ್ಲಿ ಒಳಗಿನ ಕಸವನ್ನು ಎಣಿಸಬಹುದು.

ಕಳೆದ ಬೇಸಿಗೆಯಲ್ಲಿ ಒಂದು ಘಾಟಿಯಲ್ಲಿ, ಹೆಸರು ಬೇಡ, ಎಲ್ಲದರ ಕತೆಯೂ ಒಂದೇ, ಹೀಗೆ ಮುಚ್ಚಿದ ಮೋರಿಗಳ ಫೋಟೋ ತೆಗೆದು ಮೇ ತಿಂಗಳಲ್ಲಿ ಸುದ್ದಿ ಮಾಡಿದೆ. ಒಳಪುಟದಲ್ಲಿ ಸಣ್ಣದಾಗಿ ಬಂತು. ಸಂಬಂಧಪಟ್ಟ ಕಚೇರಿಯಿಂದ ಯಾರೋ ಫೋನು ಮಾಡಿ, "ಪೇಪರ್‌ನೋರೇ, ನೀವು ಸೈಕಲ್ ಹೊಡೆಯೋದು ಆರೋಗ್ಯಕ್ಕೋ, ನಮ್ಮ ಮೇಲೆ ಬರೆಯೋದಕ್ಕೋ?" ಎಂದರು. ಹತ್ತು ದಿನ ಬಿಟ್ಟು ಮತ್ತೆ ಹತ್ತಿದೆ. ಫೋಟೋ ಬಂದಿದ್ದ ಮೋರಿಗಳನ್ನು ಬಿಡಿಸಿದ್ದರು. ಅದರ ಮುಂದಿನದು, ಫೋಟೋದಲ್ಲಿ ಇಲ್ಲದ್ದು, ಹಾಗೇ ಇತ್ತು. ಅದರ ಫೋಟೋವನ್ನೂ ತೆಗೆದೆ.

ಆಗುಂಬೆಗೆ ಸುರಂಗ ಆಗಬೇಕು, ಘಾಟಿಗಳು ಅಗಲವಾಗಬೇಕು ಎಂಬ ಮಾತು ಪ್ರತಿ ಮಳೆಗಾಲಕ್ಕೂ ಪ್ರತಿ ಚುನಾವಣೆಗೂ ಏಳುತ್ತದೆ. ಎರಡೂ ಕಡೆಯವರ ಹೇಳಿಕೆ ನನ್ನ ನೋಟ್‌ಬುಕ್ಕಿನಲ್ಲಿವೆ. ಸೋಮೇಶ್ವರದ ಕಾಡು ಕಡಿಯಬಾರದು ಎನ್ನುವವರ ಮಾತು ಕೇಳಿದಾಗ ಅದು ಸರಿ ಅನಿಸುತ್ತದೆ. ಸಿಂಗಳೀಕ ಇರುವ ಕಾಡು ಅದು, ಒಮ್ಮೆ ಹೋದರೆ ಹೋಯಿತು. ಗ್ಲೂಕೋಸ್ ಬಾಟಲಿ ಹಿಡಿದು ನಿಂತ ಆ ಹೆಂಗಸು ನೆನಪಾದರೆ, ಅಪ್ಪನ ರಾತ್ರಿ ನೆನಪಾದರೆ, ಇನ್ನೊಂದು ಮಾತೂ ಸರಿ. ಸುದ್ದಿಯಲ್ಲಿ ನಾನು ಇಬ್ಬರ ಮಾತನ್ನೂ ಹಾಕಿ ಕೈ ತೊಳೆದುಕೊಳ್ಳಬಹುದು. ಇಲ್ಲಿ ಹೇಳುವುದಾದರೆ, ಸುರಂಗ ಬರುವವರೆಗೆ ಕಾಯಬೇಕಿಲ್ಲದ ಕೆಲಸ ಎರಡಿವೆ. ಏಪ್ರಿಲ್–ಮೇನಲ್ಲಿ ಪ್ರತಿ ಮೋರಿಯ ಬಾಯಿ ಬಿಡಿಸುವುದು. ರಜೆಯ ದಿನ ಆಗುಂಬೆಯ ತಿರುವುಗಳಲ್ಲಿ ಯಾರೂ ಗಾಡಿ ನಿಲ್ಲಿಸದಂತೆ ಇಬ್ಬರು ಕಾವಲು ನಿಲ್ಲುವುದು. ಎರಡಕ್ಕೂ ಒಂದು ಮರ ಕಡಿಯಬೇಕಿಲ್ಲ.

ಹುಲಿಕಲ್ಲಿನಲ್ಲಿ ಚಂಡಿಕಾಂಬಾ ದೇವಸ್ಥಾನದ ಎದುರು ಲಾರಿಯವರು ನಿಲ್ಲಿಸಿ ಕೈ ಮುಗಿದು ಹೋಗುತ್ತಾರೆ. ನಾನೂ ನಿಂತೆ, ಭಕ್ತಿಗಿಂತ ಹೆಚ್ಚಾಗಿ ಮೊಣಕಾಲಿಗೆ. ಮೀನಿನವರು ಆಗಲೇ ಮಾಸ್ತಿಕಟ್ಟೆಯಲ್ಲಿ ಬಂಗುಡೆ ತೂಗುತ್ತಿದ್ದರು. ನನ್ನನ್ನು ಕಂಡು ತಕ್ಕಡಿ ಕೆಳಗಿಟ್ಟು, "ಹತ್ತಿದ್ರ್ಯಾ! ನೀರ್ ಸಿಕ್ತಾ?" ಎಂದರು. ಸಿಕ್ಕಿತ್ತು, ಅವರು ಹೇಳಿದ ಜಾಗದಲ್ಲೇ. ಜನವರಿ ಕಳೆದರೆ ಅದು ಬತ್ತುತ್ತದಂತೆ, ಆಮೇಲೆ ಹೋಗುವವರು ಹೊಸಂಗಡಿಯಲ್ಲೇ ಎರಡು ಬಾಟಲಿ ತುಂಬಿಸಿಕೊಳ್ಳಿ. ಮಳೆಗಾಲದಲ್ಲಿ ಘಾಟಿ ಮುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಎಂತ ಮಾಡುದ್? ಮನೆಯಲ್ಲ್ ಕೂಕಂಬುದ್" ಎಂದರು. ಪೆಟ್ಟಿಗೆಯ ಸಾಲದ ಕಂತು ಕೂರುವುದಿಲ್ಲ ಎಂದೂ ಸೇರಿಸಿದರು.

ಮಾಸ್ತಿಕಟ್ಟೆಯಿಂದ ಮುಂದೆ ಕಾಡು ದಾರಿ. ಹಗಲಿನಲ್ಲಿ ಸೊಗಸು, ಕತ್ತಲಾದರೆ ಬೇಡ, ಕಾಡುಕೋಣ ರಸ್ತೆಗೆ ಬರುತ್ತದೆ. ಸಮಯ ಇದ್ದವರು ಕವಲೇದುರ್ಗದ ಕೋಟೆ ಹತ್ತಿ ಹೋಗಬಹುದು. ನನಗೆ ಇರಲಿಲ್ಲ. ಯಡೂರು ತಲುಪುವಾಗ ಡೆಸ್ಕಿನಿಂದ ಮೆಸೇಜು, ಅಡಿಕೆ ಎಲೆಚುಕ್ಕೆ ರೋಗದ ಸಭೆ ನಾಲ್ಕಕ್ಕೆ, ಕಾಪಿ ಏಳರೊಳಗೆ ಬೇಕು. ಬಸ್ಸಿಗೆ ಕೈ ಅಡ್ಡ ಹಿಡಿದೆ. ಕಂಡಕ್ಟರು ಸೈಕಲನ್ನು ಮೇಲೆ ಕಟ್ಟಿಸಿ, ಲಗೇಜು ಎಂದು ಅದಕ್ಕೂ ಒಂದು ಟಿಕೆಟ್ ಹರಿದರು.